ಅರ್ಧ ಗೋಡೆ ಕಟ್ಟಿ ಹೋದವರು



2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅಮೆರಿಕದ ದಕ್ಷಿಣ ಕರಾವಳಿಗೆ ಅಪ್ಪಳಿಸಿತು. ನ್ಯೂ ಆರ್ಲಿಯನ್ಸ್ ನಗರದ ನೂರಕ್ಕೆ ಎಂಬತ್ತು ಪಾಲು ನೀರಿನಲ್ಲಿ ಮುಳುಗಿತು. ಮನೆಯ ಸೂರಿನ ಮೇಲೆ ಕೂತು ಕೈ ಬೀಸುತ್ತಿದ್ದವರನ್ನು ನಾವೂ ಇಲ್ಲಿ ಟಿವಿಯಲ್ಲಿ ನೋಡಿದೆವು. ಆಮೇಲೆ ಟಿವಿಗೆ ಬೇರೆ ಸುದ್ದಿ ಸಿಕ್ಕಿತು. ವಿಮೆ ಇದ್ದವರು, ಕೈಯಲ್ಲಿ ನಾಲ್ಕು ಕಾಸಿದ್ದವರು ಹೇಗೋ ಮನೆ ಎಬ್ಬಿಸಿಕೊಂಡರು. ವಯಸ್ಸಾದವರು, ಅಂಗವಿಕಲರು, ಒಬ್ಬಳೇ ದುಡಿದು ಮಕ್ಕಳನ್ನು ಸಾಕುವ ತಾಯಂದಿರು, ಇಂಥವರ ಮನೆಗಳು ಬೂಷ್ಟು ಹಿಡಿದು ಹಾಗೇ ನಿಂತವು. ಸರ್ಕಾರದ ಪರಿಹಾರ ಬಂದರೂ ಸಾಲಲಿಲ್ಲ.

ಸುದ್ದಿಯೆಲ್ಲ ಆರಿದ ಮೇಲೂ ಅಲ್ಲಿ ಉಳಿದು ಮನೆ ಕಟ್ಟಿದವರಲ್ಲಿ ಮೆನ್ನೊನೈಟರು ಮುಖ್ಯರು.

ಹದಿನಾರನೆಯ ಶತಮಾನದ ಯೂರೋಪಿನಲ್ಲಿ ಹುಟ್ಟಿದ ಪುಟ್ಟ ಕ್ರೈಸ್ತ ಪಂಥ ಇವರದು. ಮೆನ್ನೊ ಸೈಮನ್ಸ್ ಎಂಬ ಡಚ್ ಪಾದ್ರಿಯಿಂದ ಈ ಹೆಸರು ಬಂತು. ಏನೇ ಆದರೂ ಆಯುಧ ಹಿಡಿಯುವುದಿಲ್ಲ ಎಂಬುದು ಅವರ ಪಟ್ಟು. ಆ ಪಟ್ಟಿಗಾಗಿ ಜೈಲು ಕಂಡರು, ದೇಶದಿಂದ ದೇಶಕ್ಕೆ ಅಲೆದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಕಡ್ಡಾಯ ಸೈನ್ಯ ಭರ್ತಿ ಶುರುಮಾಡಿದಾಗ, ಬಂದೂಕು ಒಲ್ಲೆ ಎಂದ ಸುಮಾರು 12,000 ತರುಣರಿಗೆ ಸೈನ್ಯದ ಬದಲು ಬೇರೆ ಕೆಲಸ ಕೊಟ್ಟರು. ಅವರಲ್ಲಿ ಮೆನ್ನೊನೈಟರದೇ ದೊಡ್ಡ ಪಾಲು. ಕಾಡ್ಗಿಚ್ಚು ಆರಿಸಿದರು, ಹೊಲದ ಮಣ್ಣು ಕೊಚ್ಚಿಹೋಗದಂತೆ ಬದು ಹಾಕಿದರು, ಮಾನಸಿಕ ಆಸ್ಪತ್ರೆಗಳಲ್ಲಿ ರೋಗಿಗಳ ಆರೈಕೆ ಮಾಡಿದರು. ಸರ್ಕಾರದಿಂದ ಸಂಬಳವಿಲ್ಲ. ಹೇಡಿಗಳೆಂಬ ಮಾತು ಮಾತ್ರ ಪುಕ್ಕಟೆ.

ಯುದ್ಧ ಮುಗಿಯಿತು. ಆದರೆ ಒಂದು ಪ್ರಶ್ನೆ ಉಳಿಯಿತು: ಕೊಲ್ಲುವುದಿಲ್ಲ ಎಂದದ್ದು ಸರಿ, ಮಾಡುವುದೇನು? 1950ರಲ್ಲಿ ಕ್ಯಾನ್ಸಸ್ ರಾಜ್ಯದ ಹೆಸ್ಟನ್ ಎಂಬ ಊರಿನಲ್ಲಿ ಚರ್ಚಿನ ಯುವಕ ಯುವತಿಯರು ಪಿಕ್ನಿಕ್ಕಿಗೆ ಸೇರಿದಾಗ ಇದೇ ಮಾತು ಬಂತು. ಆಮೇಲೆ ಹತ್ತಿರದ ವಿಚಿಟಾದಲ್ಲಿ ಹೊಳೆ ಉಕ್ಕಿತು. ಇವರು ಹೋಗಿ ಮರಳಿನ ಮೂಟೆ ಹೊತ್ತರು. ಮೆನ್ನೊನೈಟ್ ಡಿಸಾಸ್ಟರ್ ಸರ್ವಿಸ್ ಹುಟ್ಟಿದ್ದು ಹೀಗೆ. ಬೇಡ ಎನ್ನುವುದಕ್ಕೂ ಒಂದು ಋಣವಿದೆ ಎಂದು ಆ ತರುಣರಿಗೆ ಹೊಳೆದದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಇವರ ಕೆಲಸದ ರೀತಿಯೂ ಸ್ವಾರಸ್ಯದ್ದು. ಹೆಚ್ಚಿನವರು ಬರುವುದು ಒಂದು ವಾರಕ್ಕೆ. ದಾರಿಖರ್ಚು ಅವರದೇ, ಊಟ ಹಾಸಿಗೆ ಸಂಸ್ಥೆಯದು. ಚಳಿಗಾಲದಲ್ಲಿ ಹೊಲದ ಕೆಲಸವಿಲ್ಲದ ರೈತರು, ನಿವೃತ್ತ ಮೇಷ್ಟರು, ಕಾಲೇಜಿನ ಹುಡುಗಿಯರು. ಸುತ್ತಿಗೆ ಹಿಡಿದು ಗೊತ್ತಿರಲೇಬೇಕೆಂದಿಲ್ಲ, ಪಳಗಿದ ಮೇಸ್ತ್ರಿಯೊಬ್ಬ ಜೊತೆಗಿದ್ದು ಕಲಿಸುತ್ತಾನೆ. ಗೋಡೆಯ ಹಲಗೆಗಳ ಸಂದಿಗೆ ಪುಟ್ಟಿ ಮೆತ್ತಿ, ಒಣಗಿಸಿ, ಉಜ್ಜಿ, ಮತ್ತೆ ಮೆತ್ತುವ ಕೆಲಸ ನೋಡುವುದಕ್ಕೆ ಸುಲಭ, ಹೊಸಬರ ಬೆವರಿಳಿಸುತ್ತದೆ. ಮಾಡುಗೋಡೆ ಮುಗಿಯುವ ಹೊತ್ತಿಗೆ ವಾರಗಳೆಷ್ಟೋ ಕಳೆದು, ತಂಡಗಳೆಷ್ಟೋ ಬದಲಾಗಿರುತ್ತವೆ. ತಳಪಾಯ ಕಂಡವನು ಬಣ್ಣ ಕಾಣುವುದಿಲ್ಲ. ಯಾರೂ ಇದು ನಾನು ಕಟ್ಟಿದ ಮನೆ ಎನ್ನುವ ಹಾಗಿಲ್ಲ.

ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿ ನಿಮಗೆ ಗೊತ್ತಿದೆ. ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಅದರ ಚೆಲುವೇ ಲೆಕ್ಕ ಸರಿಹೋಗುವುದರಲ್ಲಿದೆ. ಇಲ್ಲಿ ಲೆಕ್ಕ ಸರಿಹೋಗುವುದಿಲ್ಲ. ಮನೆ ಪಡೆದ ಲೂಸಿಯಾನದ ಮುದುಕಿ ಅದನ್ನು ಕಟ್ಟಲು ಬಂದ ಪೆನ್ಸಿಲ್ವೇನಿಯದ ರೈತನ ಹೊಲಕ್ಕೆ ಹೋಗಲಾರಳು, ಅವನು ಕಾಯುವವನೂ ಅಲ್ಲ.

ಮನೆ ಒಪ್ಪಿಸುವಾಗ ಪುಟ್ಟ ಪ್ರಾರ್ಥನೆ ಮಾಡಿ ಒಂದು ಬೈಬಲ್, ಕೈಯಲ್ಲಿ ಹೊಲಿದ ಒಂದು ಕೌದಿ ಕೊಡುವ ವಾಡಿಕೆಯಿದೆ. ಬೈಬಲ್ ಎಂದಾಗ ಕೆಲವರಿಗೆ ಅನುಮಾನ ಬರಬಹುದು, ಬರಬಾರದೆಂದು ನಾನು ಹೇಳುವುದಿಲ್ಲ. ಆದರೆ ಮನೆ ಯಾರಿಗೆ ಎಂಬುದು ಸಾಮಾನ್ಯವಾಗಿ ಆಯಾ ಊರಿನ ಸಮಿತಿಗಳು ಕಷ್ಟ ನೋಡಿ ಸೂಚಿಸುವ ವಿಷಯ. ಯಾವ ದೇವರಿಗೆ ನಮಸ್ಕರಿಸುತ್ತೀರಿ ಎಂಬುದು ಅಲ್ಲಿ ಪ್ರಶ್ನೆಯಲ್ಲ.

ಇನ್ನೊಂದು ಪ್ರಶ್ನೆ ಹೆಚ್ಚು ಗಟ್ಟಿಯಾದದ್ದು. ಅಷ್ಟು ದೂರ ಬರುವ ಖರ್ಚನ್ನೇ ಕಳಿಸಿಕೊಟ್ಟರೆ ಅಲ್ಲಿನ ಬಡಗಿಗಳಿಗೆ ಕೂಲಿಯಾಗುವುದಿಲ್ಲವೆ? ಮಾಮೂಲು ದಿನಗಳಲ್ಲಿ ಹೌದು. ಆದರೆ 2018ರಲ್ಲಿ ಕ್ಯಾಲಿಫೋರ್ನಿಯದ ಪ್ಯಾರಡೈಸ್ ಊರಿನಲ್ಲೂ ಸುತ್ತಮುತ್ತಲೂ ಕಾಡ್ಗಿಚ್ಚಿಗೆ 18,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಅಷ್ಟು ಮನೆ ಒಟ್ಟಿಗೆ ಬಿದ್ದಾಗ ಬಡಗಿ ಎಲ್ಲಿಂದ ಸಿಕ್ಕಾನು? ಕೂಲಿ ಏರುತ್ತದೆ, ದುಡ್ಡಿದ್ದವರ ಸರದಿ ಮೊದಲು ಬರುತ್ತದೆ. ಸಾಲಿನ ಕೊನೆಯಲ್ಲಿ ನಿಂತವರಿಗೆ ಹಣದಷ್ಟೇ ಕೈಗಳೂ ಬೇಕು. ಮೆನ್ನೊನೈಟರು ಪ್ಯಾರಡೈಸಿಗೂ ಹೋದರು, ಸಾಲಿನ ಆ ತುದಿಯಿಂದಲೇ ಕೆಲಸ ಹಿಡಿದರು.