ತಪ್ಪು ತೆರಿಗೆ ನೋಟಿಸು: ಸದಸ್ಯರ ಹೊಣೆ ಮತ್ತು ದಾರಿ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕರ ವಸೂಲಿಗಾರರು ಮನೆ ಬಾಗಿಲಿಗೆ ತಂದುಕೊಡುವ ಬೇಡಿಕೆ ನೋಟಿಸು ಕಚೇರಿಯ ದೃಷ್ಟಿಯಲ್ಲಿ ಒಂದು ಹಾಳೆ ಕಾಗದ. ಅದನ್ನು ಪಡೆದವರಿಗೆ ಅದು ಸರ್ಕಾರದ ಮಾತು. ಅದರಲ್ಲಿರುವ ಅಂಕಿ ಸರಿಯೇ ತಪ್ಪೇ ಎಂದು ಪರೀಕ್ಷಿಸುವವರು ವಿರಳ. ಕೆಲವರು ಹೆದರಿ ಸಾಲ ಮಾಡಿ ಕಟ್ಟುತ್ತಾರೆ. ಕೆಲವರು ಸಿಟ್ಟಾಗಿ ನ್ಯಾಯವಾದ ತೆರಿಗೆಯನ್ನೂ ನಿಲ್ಲಿಸುತ್ತಾರೆ. ಬಹಳ ಮಂದಿ ಆ ಕಾಗದವನ್ನು ಹಿಡಿದು ನೇರವಾಗಿ ತಮ್ಮ ವಾರ್ಡಿನ ಸದಸ್ಯರ ಮನೆಗೆ ಬರುತ್ತಾರೆ. ಆಗ ಸದಸ್ಯರು ಆಡುವ ಮೊದಲ ಮಾತಿನಿಂದಲೇ ಆ ಪ್ರಕರಣ ಹತೋಟಿಗೆ ಬರುತ್ತದೆ ಅಥವಾ ಕೈ ತಪ್ಪುತ್ತದೆ.

ತೆರಿಗೆ ವಿಧಿಸುವ ಅಧಿಕಾರದ ಮೂಲವನ್ನು ಮೊದಲು ನೆನೆಯುವುದು ಒಳ್ಳೆಯದು. ಸಂವಿಧಾನದ 243ಎಚ್ ಅನುಚ್ಛೇದವು ಪಂಚಾಯಿತಿಗಳಿಗೆ ತೆರಿಗೆ ವಿಧಿಸುವ ಅಧಿಕಾರವನ್ನು ರಾಜ್ಯ ಶಾಸನದ ಮೂಲಕ ನೀಡಲು ಅವಕಾಶ ಕಲ್ಪಿಸಿದೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 199ನೇ ಪ್ರಕರಣ ಆ ಅಧಿಕಾರವನ್ನು ಗ್ರಾಮ ಪಂಚಾಯಿತಿಗೆ ಕೊಟ್ಟಿದೆ. ಅದೇ ಸಂವಿಧಾನದ 265ನೇ ಅನುಚ್ಛೇದವು ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ, ವಸೂಲು ಮಾಡುವಂತಿಲ್ಲ ಎಂದು ಹೇಳುತ್ತದೆ. ಆದ್ದರಿಂದ ಬರಬೇಕಾದ ತೆರಿಗೆಯನ್ನು ಬಿಡುವುದು ಎಷ್ಟು ತಪ್ಪೋ, ಬರಬಾರದ ತೆರಿಗೆಯನ್ನು ಪಡೆಯುವುದೂ ಅಷ್ಟೇ ತಪ್ಪು. ತಪ್ಪು ನೋಟಿಸನ್ನು ತಿದ್ದುವುದು ಯಾರಿಗೂ ಮಾಡುವ ಉಪಕಾರವಲ್ಲ. ಅದು ಪಂಚಾಯಿತಿಯ ಕರ್ತವ್ಯ.

ತಪ್ಪು ಎಲ್ಲಿ ಹುಟ್ಟುತ್ತದೆ?

ಒಂದು ಉದಾಹರಣೆಯನ್ನು ಪರಿಶೀಲಿಸೋಣ. ಗ್ರಾಮಠಾಣಾದೊಳಗೆ 30 ಅಡಿಗೆ 40 ಅಡಿ ಅಳತೆಯ ನಿವೇಶನದಲ್ಲಿ ಒಬ್ಬ ವಿಧವೆ ವಾಸವಾಗಿದ್ದಾರೆ. ನಿವೇಶನದ ವಿಸ್ತೀರ್ಣ 1200 ಚದರ ಅಡಿ, ಅಂದರೆ ಸುಮಾರು 111.48 ಚದರ ಮೀಟರ್. ಕೈಬರಹದ ವಹಿಯಿಂದ ಗಣಕಯಂತ್ರಕ್ಕೆ ಮಾಹಿತಿ ತುಂಬುವಾಗ, ಚದರ ಮೀಟರ್ ಬರೆಯಬೇಕಾದ ಅಂಕಣದಲ್ಲಿ 1200 ಎಂದೇ ನಮೂದಾಗಿದೆ. ಒಂದು ಚದರ ಮೀಟರ್ 10.764 ಚದರ ಅಡಿಗೆ ಸಮ. ಹಾಗಾಗಿ ವಿಸ್ತೀರ್ಣದ ಮೇಲೆ 1000 ರೂಪಾಯಿ ಬರಬೇಕಾದ ತೆರಿಗೆ 10,764 ರೂಪಾಯಿ ಆಗುತ್ತದೆ. ಉಪಕರಗಳು ಮೂಲ ತೆರಿಗೆಯ ಮೇಲೆ ಲೆಕ್ಕವಾಗುವುದರಿಂದ ಅವೂ ಅದೇ ಪ್ರಮಾಣದಲ್ಲಿ ಏರುತ್ತವೆ. ಅದೇ ಮನೆ ದಿವಂಗತ ಪತಿಯ ಹೆಸರಿನಲ್ಲಿ ಇನ್ನೊಂದು ಸ್ವತ್ತಿನ ಸಂಖ್ಯೆಯಡಿ ಉಳಿದುಕೊಂಡಿದ್ದರೆ ಎರಡನೆಯ ನೋಟಿಸೂ ಬರುತ್ತದೆ. ಆ ತಾಯಿ ಕೂಲಿ ಬಿಟ್ಟು ಮೂರು ದಿನ ಕಚೇರಿಗೆ ಅಲೆದರೆ, ನೋಟಿಸಿನ ಹಣದ ಜೊತೆಗೆ ಮೂರು ದಿನದ ಕೂಲಿಯೂ ಹೋಯಿತು. ಮಗನ ಸಾಲಕ್ಕಾಗಿ ಬ್ಯಾಂಕು ಕೇಳಿದ ನಮೂನೆ-9 ಬಾಕಿಯ ಕಾರಣಕ್ಕೆ ನಿಂತುಹೋದರೆ, ಒಂದು ಅಂಕಣದ ತಪ್ಪು ಒಂದು ಕುಟುಂಬದ ಬದುಕನ್ನೇ ತಡೆದಂತಾಗುತ್ತದೆ.

ಇಂತಹ ತಪ್ಪುಗಳನ್ನು ಆರು ಬಗೆಯಾಗಿ ಗುರುತಿಸಬಹುದು:

1. ಅಳತೆಯ ಮಾನದ ತಪ್ಪು (ಅಡಿ ಮತ್ತು ಮೀಟರ್).
2. ಒಂದೇ ಸ್ವತ್ತಿಗೆ ಎರಡು ನಮೂದು.
3. ಕಟ್ಟಿದ ಹಣ ಬೇರೆ ಸ್ವತ್ತಿನ ಲೆಕ್ಕಕ್ಕೆ ಜಮೆಯಾಗಿರುವುದು.
4. ವಾಸದ ಮನೆ ವಾಣಿಜ್ಯ ಕಟ್ಟಡವೆಂದು ದಾಖಲಾಗಿರುವುದು.
5. ಬಿದ್ದುಹೋದ ಮನೆಗೆ ಕಟ್ಟಡದ ತೆರಿಗೆ, ನಲ್ಲಿ ಸಂಪರ್ಕವೇ ಇಲ್ಲದ ಮನೆಗೆ ನೀರಿನ ಶುಲ್ಕ.
6. ಮೃತರ ಹೆಸರಿನಲ್ಲೇ ಮುಂದುವರಿದ ಖಾತೆ.

ತಪ್ಪು ಯಾವ ಬಗೆಯದೆಂದು ಗುರುತಿಸಿದರೆ ಯಾವ ದಾಖಲೆ ಬೇಕೆಂಬುದು ತಾನಾಗಿ ತಿಳಿಯುತ್ತದೆ. ಮೊದಲನೆಯದಕ್ಕೆ ಸ್ಥಳದ ಅಳತೆ, ಮೂರನೆಯದಕ್ಕೆ ಹಳೆಯ ರಸೀದಿ, ಐದನೆಯದಕ್ಕೆ ಸ್ಥಳ ಮಹಜರು, ಆರನೆಯದಕ್ಕೆ ಮರಣ ಪ್ರಮಾಣಪತ್ರ ಹಾಗೂ ವಾರಸುದಾರಿಕೆಯ ದಾಖಲೆ.

ಸದಸ್ಯರು ಆಡಬಾರದ ಒಂದು ಮಾತು

"ಕಟ್ಟಬೇಡಿ, ನಾನು ನೋಡಿಕೊಳ್ಳುತ್ತೇನೆ" ಎಂಬ ಭರವಸೆ ಕೇಳಲು ಹಿತವಾಗಿರುತ್ತದೆ. ಅದನ್ನು ನಂಬಿದ ಮನೆಯವರು ಅರ್ಜಿ ಕೊಡುವುದಿಲ್ಲ. ಕಚೇರಿಯ ದಾಖಲೆಯಲ್ಲಿ ಆಕ್ಷೇಪಣೆಯೇ ಇರುವುದಿಲ್ಲ. ಮುಂದಿನ ವರ್ಷ ಅದೇ ತಪ್ಪು ಮೊತ್ತ ಹಿಂಬಾಕಿಯಾಗಿ ಮತ್ತೆ ಬರುತ್ತದೆ. ಅವಧಿ ಮುಗಿದು ಸದಸ್ಯರು ಬದಲಾದರೆ ಆ ಮಾತಿಗೆ ಸಾಕ್ಷಿ ಯಾರೂ ಇರುವುದಿಲ್ಲ. ಕಚೇರಿಯಲ್ಲಿ ಬಾಯಿಮಾತಿಗೆ ಆಯುಷ್ಯ ಕಡಿಮೆ, ಕಾಗದಕ್ಕೆ ಹೆಚ್ಚು.

ಇದಕ್ಕೆ ಬದಲಾಗಿ ಸದಸ್ಯರು ಮೂರು ಕೆಲಸ ಮಾಡಿಸಬಹುದು. ಮೊದಲನೆಯದಾಗಿ, ನೋಟಿಸಿನ ದಿನಾಂಕ, ಸ್ವತ್ತಿನ ಸಂಖ್ಯೆ, ಮೊತ್ತ ಹಾಗೂ ತಪ್ಪು ಏನೆಂಬುದನ್ನು ಒಂದೇ ಪುಟದಲ್ಲಿ ಬರೆಸಿ, ಅಭಿವೃದ್ಧಿ ಅಧಿಕಾರಿಗೆ ಅರ್ಜಿ ಕೊಡಿಸಿ, ಮೊಹರು ಮತ್ತು ದಿನಾಂಕ ಸಹಿತ ಸ್ವೀಕೃತಿ ಪಡೆಸುವುದು. ಎರಡನೆಯದಾಗಿ, ನೋಟಿಸಿನಲ್ಲಿ ಹೇಳಿದ ಅವಧಿಯೊಳಗೇ ಈ ಕೆಲಸ ಮುಗಿಯುವಂತೆ ನೋಡಿಕೊಳ್ಳುವುದು. ಅವಧಿ ಮೀರಿದರೆ ನ್ಯಾಯವಾದ ಆಕ್ಷೇಪಣೆಯೂ ದುರ್ಬಲವಾಗುತ್ತದೆ. ಮೂರನೆಯದಾಗಿ, ವಿವಾದವಿಲ್ಲದ ಭಾಗವನ್ನು ಕಟ್ಟಿಸಿ ರಸೀದಿ ಕೊಡಿಸುವುದು. ನ್ಯಾಯವಾದ ತೆರಿಗೆ ಕಟ್ಟಿದವರ ಆಕ್ಷೇಪಣೆಗೆ ತೂಕ ಹೆಚ್ಚು. ಮೂಲ ರಸೀದಿಯನ್ನು ಎಂದಿಗೂ ಕಚೇರಿಯಲ್ಲಿ ಬಿಡದೆ, ನಕಲನ್ನು ಮಾತ್ರ ಲಗತ್ತಿಸಬೇಕು.

ಉತ್ತರ ತಡವಾದಾಗ

ವಿಳಂಬಕ್ಕೆ ಯಾವಾಗಲೂ ಉದಾಸೀನವೇ ಕಾರಣವಲ್ಲ. ಕೆಲವು ತಿದ್ದುಪಡಿಗಳಿಗೆ ಮೇಲಿನ ಹಂತದ ಅನುಮೋದನೆ ಬೇಕು. ಕೆಲವು ಭೂಮಾಪನ ಅಥವಾ ಕಂದಾಯ ಇಲಾಖೆಯ ದಾಖಲೆಗಾಗಿ ಕಾಯುತ್ತವೆ. ಆದರೆ ಕಡತ ಎಲ್ಲಿ ನಿಂತಿದೆ, ಯಾವ ಕಾರಣಕ್ಕೆ ನಿಂತಿದೆ ಎಂಬುದನ್ನು ತಿಳಿಯುವ ಹಕ್ಕು ಅರ್ಜಿದಾರರಿಗೆ ಇದೆ. "ನಾಳೆ ಬನ್ನಿ" ಎಂಬುದು ಉತ್ತರವಲ್ಲ. ಲಿಖಿತ ಹಿಂಬರಹ ಮಾತ್ರ ಉತ್ತರ. ಅರ್ಜಿ ತಿರಸ್ಕೃತವಾದರೂ ಹಿಂಬರಹದಲ್ಲಿ ಕಾರಣ ಇರಬೇಕು. ಕಾರಣವಿದ್ದರೆ ಮಾತ್ರ ಮೇಲ್ಮನವಿಗೆ ನೆಲೆ ಸಿಗುತ್ತದೆ.

ಪಂಚಾಯಿತಿಯಲ್ಲಿ ಪರಿಹಾರ ಸಿಗದಿದ್ದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, ಅನಂತರ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಹಿಂದಿನ ಸ್ವೀಕೃತಿಯ ನಕಲಿನೊಂದಿಗೆ ಬರೆಯಬಹುದು. ಸಾರ್ವಜನಿಕ ಕುಂದುಕೊರತೆಗಳಿಗಾಗಿ 1902 ಸಹಾಯವಾಣಿ ಇದೆ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011 ಅಧಿಸೂಚಿತ ಸೇವೆಗಳಿಗೆ ಅನ್ವಯಿಸುತ್ತದೆ. ಅಂತಹ ಸೇವೆ ನಿಗದಿತ ಅವಧಿಯಲ್ಲಿ ದೊರೆಯದಿದ್ದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರಕ್ಕೆ ಅರ್ಜಿದಾರರು ಅರ್ಹರು. ಆದ್ದರಿಂದ ಸೇವೆ ಆ ಪಟ್ಟಿಯಲ್ಲಿದೆಯೇ ಎಂದು ನೋಡಿ, ಇದ್ದಲ್ಲಿ ಸಕಾಲ ಸಂಖ್ಯೆ ಇರುವ ಸ್ವೀಕೃತಿಯನ್ನೇ ಕೇಳಬೇಕು.

ಕಡತದ ಸ್ಥಿತಿ ತಿಳಿಯಲು ಮಾಹಿತಿ ಹಕ್ಕು ಅಧಿನಿಯಮ, 2005 ಇದೆ. ಅರ್ಜಿಗೆ 10 ರೂಪಾಯಿ ಶುಲ್ಕ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. "ನನಗೆ ನ್ಯಾಯ ಕೊಡಿ" ಎಂದು ಬರೆದರೆ ಅದು ಮಾಹಿತಿಯ ಅರ್ಜಿಯಾಗುವುದಿಲ್ಲ. "ಇಂತಹ ದಿನಾಂಕದ ನನ್ನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಟಿಪ್ಪಣಿಯ ಪ್ರತಿ" ಎಂದು ದಾಖಲೆಯನ್ನೇ ಕೇಳಬೇಕು.

ಬೇರೆ ಇಲಾಖೆಯ ನೋಟಿಸು ಬಂದಾಗ

2025ರ ಜುಲೈ ತಿಂಗಳಲ್ಲಿ ಯುಪಿಐ ಮೂಲಕ ಬಂದ ಹಣದ ಲೆಕ್ಕವನ್ನು ಆಧರಿಸಿ ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆಗಳ ಇಲಾಖೆಯಿಂದ ನೋಟಿಸು ಬಂದದ್ದು, ಕ್ಯೂಆರ್ ಫಲಕಗಳನ್ನು ತೆಗೆದು ನಗದು ಮಾತ್ರ ಎಂದು ಅಂಗಡಿಗಳ ಮುಂದೆ ಬರೆದದ್ದು ಎಲ್ಲರಿಗೂ ನೆನಪಿದೆ. ಸರಕು ವ್ಯಾಪಾರಕ್ಕೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆಗೆ 20 ಲಕ್ಷ ರೂಪಾಯಿ ಮೀರಿದರೆ ನೋಂದಣಿಯ ಪ್ರಶ್ನೆ ಬರುತ್ತದೆ. ತಾಜಾ ತರಕಾರಿಯಂತಹ ವಿನಾಯಿತಿ ಪಡೆದ ಸರಕು, ಕೈಗಡ, ಮನೆಯವರು ಕಳಿಸಿದ ಹಣ ಇವೆಲ್ಲ ತೆರಿಗೆಗೆ ಒಳಪಡುವ ವಹಿವಾಟಲ್ಲ. ಅಲ್ಲಿಯೂ ಪಾಠ ಒಂದೇ: ನೋಟಿಸು ಅಂತಿಮ ಆದೇಶವಲ್ಲ, ವಿವರಣೆಯ ಕೋರಿಕೆ. ಫಲಕ ತೆಗೆದರೆ ನೋಟಿಸು ಹೋಗುವುದಿಲ್ಲ. ಬ್ಯಾಂಕ್ ವಿವರ, ಖರೀದಿ ಚೀಟಿಗಳನ್ನು ಜೋಡಿಸಿ ಅವಧಿಯೊಳಗೆ ಉತ್ತರ ಕೊಡಬೇಕು. ಈ ವಿಷಯದಲ್ಲಿ ಪಂಚಾಯಿತಿಗೆ ಅಧಿಕಾರವಿಲ್ಲ. ಆದರೆ ಹೆದರಿದವರಿಗೆ ಸರಿಯಾದ ಕಚೇರಿಯ ದಾರಿ ತೋರಿಸುವುದು ಸದಸ್ಯರಿಗೆ ಸಾಧ್ಯ.

ಪಂಚಾಯಿತಿ ತಾನೇ ಮಾಡಬೇಕಾದದ್ದು

ಒಂದು ಮನೆಯ ತಪ್ಪು ಸಿಕ್ಕರೆ ಅದು ಒಂದೇ ಮನೆಯದಾಗಿರುವುದು ಅಪರೂಪ. ಒಂದೇ ದಿನ, ಒಂದೇ ಬೀದಿಯ ಮಾಹಿತಿ ತುಂಬಿದಾಗ ಅಕ್ಕಪಕ್ಕದ ಮನೆಗಳಲ್ಲೂ ಅದೇ ತಪ್ಪು ನುಸುಳಿರುತ್ತದೆ. ಆದ್ದರಿಂದ ನೋಟಿಸು ಹೊರಡುವ ಮುನ್ನ ಪ್ರತಿ ವಾರ್ಡಿನ ಬೇಡಿಕೆ ಪಟ್ಟಿಯನ್ನು ಆಯಾ ಸದಸ್ಯರು ಒಮ್ಮೆ ಓದುವುದು ಉಪಯುಕ್ತ. ಕಳೆದ ವರ್ಷಕ್ಕಿಂತ ಎರಡು ಪಟ್ಟಿಗೂ ಹೆಚ್ಚಾದ ಮೊತ್ತ ಕಂಡಲ್ಲಿ ಗುರುತು ಹಾಕಿದರೆ ಸಾಕು. ಊರನ್ನು ಬಲ್ಲ ಕಣ್ಣಿಗೆ ಬೀಳುವ ತಪ್ಪು ಗಣಕಯಂತ್ರಕ್ಕೆ ಬೀಳುವುದಿಲ್ಲ. ತಿದ್ದುಪಡಿಯಾದಾಗ ಹಳೆಯ ನಮೂದು, ಹೊಸ ನಮೂದು, ಕಾರಣ ಮತ್ತು ಆದೇಶದ ಸಂಖ್ಯೆ ದಾಖಲೆಯಲ್ಲಿ ಉಳಿಯಬೇಕು. ಆಕ್ಷೇಪಣೆಗಳ ಪಟ್ಟಿಯನ್ನು ಸಾಮಾನ್ಯ ಸಭೆಯ ಮುಂದಿಟ್ಟು, ಬಂದವು ಎಷ್ಟು, ತೀರಿದವು ಎಷ್ಟು ಎಂಬುದನ್ನು ನಡಾವಳಿಯಲ್ಲಿ ಬರೆಸಬೇಕು. ಜಮಾಬಂದಿಯಲ್ಲಿಯೂ ಅದನ್ನು ಓದಬಹುದು.

ತಪ್ಪು ಬೇಡಿಕೆಯನ್ನು ಇಳಿಸಿದರೆ ಆದಾಯ ಕುಸಿಯುತ್ತದೆ ಎಂಬ ಅಳುಕು ಕೆಲವೆಡೆ ಇದೆ. ಎಂದೂ ಬಾರದ ಹಣ ಬೇಡಿಕೆ ವಹಿಯಲ್ಲಿ ಇದ್ದರೆ ಬಾಕಿ ಬೆಳೆಯುತ್ತದೆಯೇ ಹೊರತು ಪೆಟ್ಟಿಗೆ ತುಂಬುವುದಿಲ್ಲ. ಬೇಡಿಕೆ ನಿಜವಾದರೆ ವಸೂಲಿಯೂ ನಿಜವಾಗುತ್ತದೆ. ತನ್ನ ನೋಟಿಸು ಸರಿಯಾಗಿದೆ ಎಂದು ನಂಬಿದ ಮನೆಯವರು ಮರುವರ್ಷ ಕರೆಯದೆಯೇ ಬಂದು ಕಟ್ಟುತ್ತಾರೆ. ಬೀದಿ ದೀಪ, ಕುಡಿಯುವ ನೀರು, ಚರಂಡಿ ಇವೆಲ್ಲ ನಡೆಯುವುದು ಆ ನಂಬಿಕೆಯ ಹಣದಿಂದಲೇ. ಆ ನಂಬಿಕೆಯನ್ನು ಕಾಯುವ ಮೊದಲ ಕಾವಲುಗಾರರು ವಾರ್ಡಿನ ಸದಸ್ಯರು.