ದಂಡೆತ್ತಿ ಬಂದ ಸೇನೆ ದೇವರ ಶಿಕ್ಷೆಯೇ?



ಬೈಬಲಿನ ಯೆರೆಮೀಯ ಗ್ರಂಥದ 25ನೇ ಅಧ್ಯಾಯದಲ್ಲಿ, ಜೆರುಸಲೇಮನ್ನು ನಾಶ ಮಾಡಲಿರುವ ಬಾಬಿಲೋನಿನ ನೆಬೂಕದ್ನೆಚ್ಚರನನ್ನು ದೇವರು ತನ್ನ ಸೇವಕನೆಂದೇ ಕರೆಯುತ್ತಾನೆ. ಕುರ್‌ಆನಿನ ಬನೀ ಇಸ್ರಾಈಲ್ ಸೂರಾದ 5ನೇ ಆಯತ್ತನ್ನೂ ಹಲವು ಮುಫಸ್ಸಿರರು ಇದೇ ದೊರೆಗೆ, ನಮ್ಮವರ ಬಾಯಲ್ಲಿ ಬುಖ್ತ್ ನಸರ್‌ಗೆ, ಹೊಂದಿಸುತ್ತಾರೆ.

ಇದನ್ನು ಹೇಳುತ್ತಿದ್ದಾಗ ಹುಡುಗನೊಬ್ಬ ಕೇಳಿದ: "ಸಾರ್, ನಮ್ಮ ಒಡೆಯರಪಾಳ್ಯದ ಟಿಬೆಟಿನವರೂ ಪಾಪ ಮಾಡಿದ್ದರಾ?" ಚೀನಾ ಸೇನೆಯ ದೆಸೆಯಿಂದ ನಾಡು ಬಿಟ್ಟವರಿಗೆ 1974ರಲ್ಲಿ ಇಲ್ಲಿ ನೆಲೆ ಸಿಕ್ಕಿತು. ನಾನು ತಡವರಿಸಿದೆ.

ಪ್ರವಾದಿಗಳು ಆ ಮಾತನ್ನು ಹೇಳಿದ್ದು ತಮ್ಮ ಜನರಿಗೆ, ಕಣ್ಣೀರಿಟ್ಟು. ನೆರೆಯವರ ಗಾಯವನ್ನು ಬೆರಳಿಟ್ಟು ತೋರಿಸಲು ಅಲ್ಲ. ಯೆಶಾಯನ 10ನೇ ಅಧ್ಯಾಯದಲ್ಲಿ ದೇವರ ಕೋಲಾಗಿದ್ದ ಅಶ್ಶೂರವೇ ಗರ್ವಪಟ್ಟು ದಂಡನೆಗೆ ಗುರಿಯಾಗುತ್ತದೆ.

ಮರುದಿನ ಇಷ್ಟನ್ನು ಹೇಳಿದೆ. "ಹಾಗಾದರೆ ಕೋಲಿಗೂ ಲೆಕ್ಕ ಇದೆ ಸಾರ್," ಅಂದ ಹುಡುಗ.