ಕೈಪಿಡಿ ಯಾರ ಕೈಗೆ?



ಕೆಲವು ವರ್ಷಗಳ ಹಿಂದೆ ಪೀಣ್ಯದ ಒಂದು ಗಾರ್ಮೆಂಟ್ಸ್‌ನವರು ತಮ್ಮ ಸಿಬ್ಬಂದಿ ಕೈಪಿಡಿಯನ್ನು ನೋಡಿಕೊಡಿ ಎಂದು ತಂದಿದ್ದರು. ದಪ್ಪ ಪುಸ್ತಕ, ನುಣುಪು ಕಾಗದ, ಅಷ್ಟೂ ಇಂಗ್ಲಿಷ್. ಕೊನೆಯ ಪುಟದಲ್ಲಿ ‘ಓದಿ ಅರ್ಥಮಾಡಿಕೊಂಡಿದ್ದೇನೆ’ ಎಂಬ ಸಾಲು. ಅದರ ಕೆಳಗೆ ಹೊಲಿಗೆ ವಿಭಾಗದ ಹೆಣ್ಣುಮಕ್ಕಳ ಸಹಿ, ಕೆಲವು ಪ್ರತಿಗಳಲ್ಲಿ ಹೆಬ್ಬೆಟ್ಟು. ಹೆಬ್ಬೆಟ್ಟು ಒತ್ತಿದಾಕೆ ಇಂಗ್ಲಿಷ್ ಓದಿದಳೆಂದರೆ ಯಾವ ಲೇಬರ್ ಕೋರ್ಟು ನಂಬೀತು?

ಒಳಗೆ ಇನ್ನೂ ಸೋಜಿಗ. ‘ಕಾರಣ ಕೊಡದೆ ಯಾವಾಗ ಬೇಕಾದರೂ ಕೆಲಸದಿಂದ ತೆಗೆಯಬಹುದು’ ಎಂಬ ನಿಯಮ, ಅಮೆರಿಕದ ಯಾವುದೋ ಮಾದರಿಯಿಂದ ಎತ್ತಿಟ್ಟದ್ದು. ಅಲ್ಲಿ ಬಹುತೇಕ ರಾಜ್ಯಗಳಲ್ಲಿ ಅದು ನಡೆದೀತು, ಇಲ್ಲಿ ನಡೆಯದು. ನಮ್ಮ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೇ, ಆರು ತಿಂಗಳು ಸತತ ದುಡಿದವರನ್ನು ಸಕಾರಣವಿಲ್ಲದೆ ತೆಗೆಯಕೂಡದು ಎನ್ನುತ್ತದೆ. ರಜಾಪಟ್ಟಿಯಲ್ಲಿ ನವೆಂಬರ್ 1 ಇರಲಿಲ್ಲ. ರಾಜ್ಯೋತ್ಸವದ ರಜೆ ಮಾಲೀಕರ ಔದಾರ್ಯವಲ್ಲ. 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಹೆಸರಿಸಿಯೇ ಕೊಟ್ಟದ್ದು.

ನಕ್ಕುಬಿಡಬೇಡಿ. ಬೇರೆಯವರ ಕಡತ ನೋಡಿ ಪುಟ ತುಂಬಿಸಿದವರಲ್ಲಿ ನಾನೂ ಒಬ್ಬ.

ಸಹಿ ಬಿದ್ದರೆ ಮುಗಿಯಿತು ಎಂಬ ನಂಬಿಕೆ ಕೈಪಿಡಿ ಬರೆಯುವ ನಮ್ಮ ವೃತ್ತಿಯಲ್ಲಿ ಬೇರುಬಿಟ್ಟಿದೆ. 1986ರಲ್ಲಿ ಬ್ರೋಜೋನಾಥ್ ಗಂಗೂಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಬೇರಿಗೇ ಕೊಡಲಿ ಹಾಕಿತು. ಮೂರು ತಿಂಗಳ ನೋಟಿಸ್ ಕೊಟ್ಟು ಕಾಯಂ ನೌಕರನನ್ನೂ ಮನೆಗೆ ಕಳಿಸಬಹುದು ಎಂಬ ಸೇವಾ ನಿಯಮವನ್ನು, ಒಪ್ಪಿ ಸೇರಿದವನ ಮೇಲೂ ನಿಲ್ಲದೆಂದು ರದ್ದುಮಾಡಿತು. ಆ ನಿಯಮ ಮಾಡಿದ್ದು ಸರ್ಕಾರಿ ಕಂಪನಿ, ತೀರ್ಪು ಖಾಸಗಿಯವರಿಗೆ ಹಾಗೆಯೇ ಅನ್ವಯಿಸದು ಎಂದು ವಕೀಲ ಮಿತ್ರರು ಗೊಣಗುತ್ತಿದ್ದೀರಿ. ಒಪ್ಪಿದೆ. ಆದರೆ ಅಕ್ಕಿ ಬೇಳೆಗೆ ದಾರಿಯಿಲ್ಲದವನು ಹಾಕಿದ ಸಹಿಗೆ ಎಷ್ಟು ತೂಕ ಎಂಬ ಪ್ರಶ್ನೆ ಖಾಸಗಿಯಲ್ಲೂ ಅದೇ ಅಲ್ಲವೇ?

ಈಗ ನಿಯಮ ಬರೆಯುವವರು ಯಾರು, ತೂಗುವವರು ಯಾರು ಎಂಬ ಪ್ರಶ್ನೆಗೆ ಬರುತ್ತೇನೆ. ಸ್ಥಾಯಿ ಆದೇಶಗಳ, ಅಂದರೆ ಕಾರ್ಖಾನೆಯ ಸೇವಾ ನಿಯಮಗಳ, 1946ರ ಕಾಯ್ದೆಯಲ್ಲಿ ಒಂದು ಸೊಗಸಿತ್ತು. ಮಾಲೀಕರು ಬರೆದ ಕರಡು ಕಾರ್ಮಿಕ ಸಂಘದ ಕೈಗೂ ಹೋಗುತ್ತಿತ್ತು. ಆಕ್ಷೇಪಣೆ ಕೇಳಿ, ನಿಯಮ ನ್ಯಾಯವಾಗಿದೆಯೇ ಎಂದು ಅಧಿಕಾರಿ ತೂಗುತ್ತಿದ್ದರು. ಆಮೇಲೆ ಅದನ್ನು ಇಂಗ್ಲಿಷಿನಲ್ಲೂ ಬಹುಪಾಲು ಕಾರ್ಮಿಕರು ಬಲ್ಲ ಭಾಷೆಯಲ್ಲೂ, ಅವರು ಒಳಬರುವ ಬಾಗಿಲ ಬಳಿಯೇ ಹಾಕಬೇಕಿತ್ತು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಹೊಸ ಲೆಕ್ಕದಲ್ಲಿ ಸ್ಥಾಯಿ ಆದೇಶಗಳ ಅಧ್ಯಾಯ ಅನ್ವಯಿಸುವುದು 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ. ಹಳೆಯ ಕೇಂದ್ರ ಕಾಯ್ದೆಯಲ್ಲಿ ಇದು 100 ಇತ್ತು. ಅಂದರೆ 250 ಜನರ ಘಟಕದಲ್ಲಿ ನಿಯಮ ಬರೆಯುವವರು ನೀವೇ, ಸರಿ ಎನ್ನುವವರೂ ನೀವೇ. ಮಾಲೀಕರಿಗೆ ಇದು ಸಲೀಸು ಎನಿಸಬಹುದು. ನನಗೆ ಭಯ. ಹೊರಗಿನ ಕಣ್ಣಿಲ್ಲದ ಕಡೆ ಕೈಪಿಡಿ ಬರೆಯುವವನೇ ಆ ಕಣ್ಣಾಗಬೇಕು. ಕರಡನ್ನು ಅಚ್ಚಿಗೆ ಕಳಿಸುವ ಮೊದಲು ಲೈನ್ ಸೂಪರ್‌ವೈಸರ್‌ಗೂ ಕೆಲಸಗಾರರಿಗೂ ಕನ್ನಡದಲ್ಲಿ ಓದಿಹೇಳಬೇಕು. ಒಡಿಶಾ, ಬಿಹಾರದಿಂದ ಬಂದವರಿದ್ದರೆ ಅವರ ಭಾಷೆಯಲ್ಲಿ.

ನಮ್ಮ ಕೈಪಿಡಿಗಳಲ್ಲಿ ದುರ್ನಡತೆಯ ಪಟ್ಟಿ ಹನುಮಂತನ ಬಾಲ, ಹಕ್ಕಿನ ಮಾತು ನಾಲ್ಕೇ ಸಾಲು. ಹೆರಿಗೆ ರಜೆ 26 ವಾರ ಎಂದು ಬರೆದು, ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು ಎಂಬುದನ್ನು ಬಿಟ್ಟಿರುತ್ತೇವೆ. ಲೈಂಗಿಕ ಕಿರುಕುಳದ ದೂರು ಕೊಡಲು ಮೂರು ತಿಂಗಳ ಗಡುವಿದೆ ಎಂದು ಎಷ್ಟು ಜನಕ್ಕೆ ಹೇಳಿದ್ದೇವೆ? ಕೆಲಸ ಬಿಟ್ಟವರ ಸಂಬಳದ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು ಎನ್ನುತ್ತದೆ ವೇತನ ಸಂಹಿತೆ. ‘45 ದಿನಗಳ ನಂತರ’ ಎಂದು ಅಚ್ಚಾಗಿರುವ ಪುಟ ಈಗ ನಿಮ್ಮ ವಿರುದ್ಧವೇ ಸಾಕ್ಷಿ.

ಮಧ್ಯಾಹ್ನದ ಗೋಷ್ಠಿಗೆ ಬರುವಾಗ ನಿಮ್ಮ ನಿಮ್ಮ ಕೈಪಿಡಿಯ ಒಂದು ಪ್ರತಿ ಹಿಡಿದು ಬನ್ನಿ. ರಜೆಯ ಪುಟ ತೆರೆಯಿರಿ, ನವೆಂಬರ್ 1 ಇದೆಯೇ ನೋಡಿ. ಇಲ್ಲದಿದ್ದರೆ ಅಲ್ಲಿಂದಲೇ ಶುರುಮಾಡೋಣ.